ಅಮ್ಮನ ಮನೇಲಿ ಮಲಗೋಕೂ ದಿಲ್ಲಿ ಪರ್ಮಿಟ್ ಬೇಕು!

ಒಡೆಯರಪಾಳ್ಯದ ಬೌದ್ಧ ಗುಡಿಗೆ ಬರುವ ಪರದೇಶಿ ಕುಟುಂಬಗಳ ಪಾಡು

ಪಾಲಾರ್: ಮೇಟೂರು ಅಣೆ ನೋಡಿಕೊಂಡು, ಕೊಳತ್ತೂರು ದಾಟಿ ಬರುವ ಕಾರುಗಳಿಗೆ ಕರ್ನಾಟಕ ಸಿಗುವುದು ಇಲ್ಲೇ, ಪಾಲಾರ್ ಸೇತುವೆಯ ಬಳಿ. ಬರುವವರಲ್ಲಿ ಹೆಚ್ಚಿನವರು ಮಾದಪ್ಪನ ಒಕ್ಕಲು. ಹಣೆಗೆ ವಿಭೂತಿ, ಡಿಕ್ಕಿಯಲ್ಲಿ ಅಕ್ಕಿ, ಬೇಳೆ, ಪಾತ್ರೆ. ಅವರನ್ನು ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ.

ಆದರೆ ಒಮ್ಮೊಮ್ಮೆ ಇದೇ ದಾರಿಯಲ್ಲಿ ಬೇರೆ ಥರದ ಪ್ರಯಾಣಿಕರೂ ಬರುತ್ತಾರೆ. ಮಾದಪ್ಪನ ಬೆಟ್ಟ ಹತ್ತಿ ಇಳಿದು, ಕೌದಳ್ಳಿ, ಹನೂರು, ಲೊಕ್ಕನಹಳ್ಳಿ ಮೇಲೆ ಒಡೆಯರಪಾಳ್ಯ ಸೇರುವವರು. ಅಲ್ಲಿ ಟಿಬೆಟಿನವರ ಕ್ಯಾಂಪಿದೆ, ಕ್ಯಾಂಪಿನಲ್ಲಿ ಬುದ್ಧನ ಗುಡಿಯಿದೆ. ಕೈಯಲ್ಲಿ ಬೇರೆ ದೇಶದ ಪಾಸ್‌ಪೋರ್ಟು ಹಿಡಿದ ಗಂಡ, ಹೆಂಡತಿ, ಮಕ್ಕಳು. ಬೆಳಿಗ್ಗೆ ಬಂದು ಸಂಜೆ ಹೋದರೆ ಸಾಮಾನ್ಯವಾಗಿ ತಕರಾರಿಲ್ಲ. ಕತ್ತಲಾದ ಮೇಲೆ ಅಲ್ಲೇ ಉಳಿದರೋ, ಕೆಲಸ ಕೆಟ್ಟಿತು!

ಏಕೆಂದರೆ ಪರದೇಶದ ಪ್ರಜೆಯೊಬ್ಬ ಟಿಬೆಟನ್ ಸೆಟ್ಲ್‌ಮೆಂಟಿನಲ್ಲಿ ರಾತ್ರಿ ತಂಗಬೇಕಾದರೆ ದಿಲ್ಲಿಯ ಗೃಹ ಸಚಿವಾಲಯದ ಅಪ್ಪಣೆ ಬೇಕು. ಕಾಗದದ ಮೇಲಿನ ಹೆಸರು ‘ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್’. ಕ್ಯಾಂಪಿನವರ ಬಾಯಲ್ಲಿ ‘ಪಿ.ಎ.ಪಿ.’ ಅಂದರೆ ಸಾಕು, ಮಕ್ಕಳಿಗೂ ಗೊತ್ತು. ಗಡಿ ದಾಟಿ ಬರುವ ಪ್ರವಾಸಿಗೆ ಮಾತ್ರ ಗೊತ್ತಿರುವುದಿಲ್ಲ.

ಹೆಸರು ಕೆಟ್ಟ ದಾರಿ

ಪಾಲಾರ್ ಅಂದರೆ ದೂರದ ಊರಿನವರು ವೆಲ್ಲೂರಿನ ಪಾಲಾರ್ ಅಂದುಕೊಳ್ಳುತ್ತಾರೆ. ಇದು ಅದಲ್ಲ. ಇದು ನಮ್ಮ ಕಾಡಿನಿಂದ ಇಳಿದು ಕಾವೇರಿ ಸೇರುವ ಹೊಳೆ. ಈ ಗಡಿಯೂ ಬಹಳ ಹಳೆಯದೇನಲ್ಲ. 1956ರ ನವೆಂಬರ್ 1ರ ತನಕ ಇಡೀ ಕೊಳ್ಳೇಗಾಲ ತಾಲ್ಲೂಕೇ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗೆರೆ ಬಿದ್ದದ್ದು ಆಮೇಲೆ. ಇವತ್ತಿಗೂ ಈ ಕಡೆಯ ಜನ ಒಂದೇ ಉಸಿರಿನಲ್ಲಿ ಕನ್ನಡ, ತಮಿಳು ಎರಡನ್ನೂ ಆಡುತ್ತಾರೆ.

ಪಾಲಾರಿನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಕೆಟ್ಟ ಕಾರಣಕ್ಕೆ. 1993ರ ಏಪ್ರಿಲ್ 9ರಂದು ವೀರಪ್ಪನ್ ಗ್ಯಾಂಗು ಇಲ್ಲಿಗೆ ಸಮೀಪದಲ್ಲಿ ನೆಲಬಾಂಬು ಸಿಡಿಸಿತು. 22 ಜನ ಪ್ರಾಣ ಬಿಟ್ಟರು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣ, ಬಿಡುಗಡೆಗೆ 108 ದಿನ ಹಿಡಿಯಿತು. 2002ರ ಆಗಸ್ಟಿನಲ್ಲಿ ನಮ್ಮ ಕಾಮಗೆರೆಯಿಂದಲೇ ಮಾಜಿ ಮಂತ್ರಿ ಎಚ್. ನಾಗಪ್ಪನವರನ್ನು ಎತ್ತಿಕೊಂಡು ಹೋದರು. ಡಿಸೆಂಬರಿನಲ್ಲಿ ಸಿಕ್ಕಿದ್ದು ಹೆಣ. ಅಂಥ ಕಾಲದಲ್ಲಿ ಬಿಳಿ ಚರ್ಮದ ಮನುಷ್ಯನೊಬ್ಬ ಮಕ್ಕಳ ಜೊತೆ ಈ ಕಾಡಿನಲ್ಲಿ ಅಡ್ಡಾಡುತ್ತಾನೆ ಅಂದರೆ ಪೊಲೀಸರಿಗೆ ನಿದ್ದೆ ಹತ್ತುವ ಮಾತೇ ಇರಲಿಲ್ಲ.

2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕಥೆ ಮುಗಿಯಿತು. ಇಪ್ಪತ್ತು ವರ್ಷದ ಮೇಲಾಯಿತು. ಈಗ ಈ ರಸ್ತೆಯ ಭಯ ಕಳ್ಳರದ್ದಲ್ಲ, ಆನೆಯದ್ದು. ಒಂದು ಕಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ಕಾಡು. ನಡುವೆ ಆನೆ ಓಡಾಡುವ ಎಡೆಯಾರಳ್ಳಿ–ದೊಡ್ಡಸಂಪಿಗೆ ದಾರಿ. ಒಡೆಯರಪಾಳ್ಯ ಇರುವುದು ಈ ಎರಡು ಕಾಡುಗಳ ನಡುವಿನ ಸೀಮೆಯಲ್ಲಿ.

ಕ್ಯಾಂಪು ಬಂದದ್ದು ಹೀಗೆ

1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಹಿಮ ದಾಟಿ ಬಂದರು. ಅವರಿಗೆ ನೆಲ ಕೊಡಿ ಎಂದು ಕೇಂದ್ರ ಸರ್ಕಾರ ರಾಜ್ಯಗಳನ್ನು ಕೇಳಿದಾಗ ಕೈ ಬಿಚ್ಚಿ ಕೊಟ್ಟದ್ದು ಅಂದಿನ ಮೈಸೂರು ರಾಜ್ಯ. 1960–61ರಲ್ಲಿ ಬೈಲಕುಪ್ಪೆ. 1966ರಲ್ಲಿ ಮುಂಡಗೋಡು. 1969ರಲ್ಲಿ ಬೈಲಕುಪ್ಪೆಯಲ್ಲೇ ಇನ್ನೊಂದು. 1972ರಲ್ಲಿ ಹುಣಸೂರಿನ ಗುರುಪುರ. ಕಡೆಯದಾಗಿ 1973–74ರಲ್ಲಿ ಒಡೆಯರಪಾಳ್ಯ. ಆಗ ಅದು ಕೊಳ್ಳೇಗಾಲ ತಾಲ್ಲೂಕು, ಈಗ ಹನೂರು ತಾಲ್ಲೂಕು. ಅವರಿಟ್ಟ ಹೆಸರು ಧೊಂಡೆನ್‌ಲಿಂಗ್. ನಮ್ಮ ಜನ ಇಟ್ಟ ಹೆಸರು ‘ಟಿಬೆಟ್ ಕ್ಯಾಂಪು’. ನಿಂತದ್ದು ನಮ್ಮವರ ಹೆಸರೇ.

ಅಲ್ಲಿನ ಹಳ್ಳಿಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಎ ವಿಲೇಜು, ಬಿ ವಿಲೇಜು ಅಂತಲೇ ಕರೆಯುವುದು. ಗುತ್ತಿಗೆಯ ಜಮೀನು, ಮಳೆ ನಂಬಿದ ಮುಸುಕಿನ ಜೋಳ. ಜೋಳ ಹಾಲುಗಟ್ಟಿದರೆ ಆನೆಗೆ ಸುದ್ದಿ ಹೋಗುತ್ತದೆ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂತು ಕಾಯಬೇಕು. ಹೊಲದಲ್ಲಿ ಹುಟ್ಟದ್ದನ್ನು ಚಳಿಗಾಲದ ಸ್ವೆಟರ್ ವ್ಯಾಪಾರದಲ್ಲಿ ತುಂಬಿಸಿಕೊಳ್ಳಬೇಕು. ಮೈಸೂರು, ಬೆಂಗಳೂರಿನ ಫುಟ್‌ಪಾತಿನಲ್ಲಿ ಉಲ್ಲನ್ ಬಟ್ಟೆ ಹರವಿಕೊಂಡು ಕೂರುವ ಹೆಂಗಸರನ್ನು ಯಾರು ತಾನೆ ನೋಡಿಲ್ಲ? ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ, ಒಂದು ರೂಪಾಯಿ ಬಿಡುವುದಿಲ್ಲ!

ಇನ್ನು ಗುಡಿ. ಹೆಸರು ಜೋಗ್‌ಚೆನ್ ಮಠ. ಮೂಲ ಮಠ ಟಿಬೆಟಿನ ಖಾಮ್ ಸೀಮೆಯದು, 17ನೇ ಶತಮಾನದ್ದು. ಗುರು ಪದ್ಮಸಂಭವರನ್ನು ಮುಖ್ಯವಾಗಿ ನಂಬುವ ಞಿಂಗ್ಮಾ ಪಂಗಡದ್ದು. ಅಲ್ಲಿ ಹಾಳಾದದ್ದನ್ನು ಇಲ್ಲಿ ನಮ್ಮ ಜೋಳದ ಹೊಲಗಳ ನಡುವೆ ಮತ್ತೆ ಕಟ್ಟಿದರು. 1992ರ ಜನವರಿಯಲ್ಲಿ ದಲೈ ಲಾಮಾ ಅವರೇ ಬಂದು ಉದ್ಘಾಟನೆ ಮಾಡಿಕೊಟ್ಟರು. ಬೈಲಕುಪ್ಪೆಯ ಚಿನ್ನದ ಗುಡಿಯಷ್ಟು ಜನಜಂಗುಳಿ ಇಲ್ಲಿಲ್ಲ. ಬಸ್ಸುಗಟ್ಟಲೆ ಸ್ಕೂಲು ಮಕ್ಕಳು, ಐಸ್‌ಕ್ರೀಂ ಗಾಡಿ ಅಲ್ಲಿ. ಇಲ್ಲಿಗೆ ಬರುವವರು ಬೇಕೆಂದೇ ಹುಡುಕಿಕೊಂಡು ಬಂದವರು.

ಒಂದನೇ ಕಾರು

ಒಂದು ಕುಟುಂಬ ಬಂದಿತು ಅಂತ ಇಟ್ಟುಕೊಳ್ಳಿ. ಗಂಡ, ಹೆಂಡತಿ, ಎರಡು ಮಕ್ಕಳು. ಯಾವ ದೇಶ ಅನ್ನುವುದು ಮುಖ್ಯವಲ್ಲ. ಹೊಗೇನಕಲ್ ನೋಡಿದ್ದಾರೆ, ಪಾಲಾರ್ ದಾಟಿದ್ದಾರೆ, ಬೆಟ್ಟದ ತಿರುವುಗಳಲ್ಲಿ ಚಿಕ್ಕದಕ್ಕೆ ವಾಂತಿಯೂ ಆಗಿದೆ. ಮಧ್ಯಾಹ್ನದ ಹೊತ್ತಿಗೆ ಕ್ಯಾಂಪು ಸೇರಿದ್ದಾರೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಬಲಗಡೆಯಿಂದಲೇ ಸುತ್ತಬೇಕು ಅನ್ನುತ್ತಾರೆ ಅಲ್ಲಿಯವರು. ನಮಗೆ ಅದೇನು ಹೊಸದಲ್ಲ, ಮಾದಪ್ಪನ ಗುಡಿಯಲ್ಲೂ ಪ್ರದಕ್ಷಿಣೆ ಹಾಗೇ ತಾನೆ? ಮಕ್ಕಳಿಗೆ ಮಂತ್ರದ ಚಕ್ರ ತಿರುಗಿಸುವುದೇ ಆಟ. ಉರುಳೆಯ ಒಳಗೆ ಮಂತ್ರ ಬರೆದ ಕಾಗದ ಸುತ್ತಿಟ್ಟಿರುತ್ತಾರೆ. ಒಂದು ಸಲ ತಿರುಗಿಸಿದರೆ ಅಷ್ಟನ್ನೂ ಜಪ ಮಾಡಿದಂತೆ ಅನ್ನುವುದು ನಂಬಿಕೆ. ಒಳಗೆ ಬುದ್ಧ, ಪದ್ಮಸಂಭವ, ಸಾಲು ದೀಪ. ಹೊರಗೆ ಹಗ್ಗಕ್ಕೆ ಕಟ್ಟಿದ ಐದು ಬಣ್ಣದ ಬಾವುಟ. ಒಂದು ಪ್ಲೇಟು ಮೊಮೊ, ಒಂದು ಬಟ್ಟಲು ತುಕ್ಪಾ. ಕೆನ್ನೆ ಕೆಂಪಗಿನ ಸಣ್ಣ ಸನ್ಯಾಸಿಗಳು, ಇವರ ಮಕ್ಕಳು, ನಡುವೆ ಒಂದು ಚೆಂಡು. ಭಾಷೆ ಬೇಕಾ?

ಹೊತ್ತು ಇಳಿಯುತ್ತದೆ. ಮಕ್ಕಳು ‘ಇವತ್ತು ಇಲ್ಲೇ ಇರೋಣ’ ಅಂತ ರಚ್ಚೆ ಹಿಡಿಯುತ್ತವೆ. ತಾಪತ್ರಯ ಶುರುವಾಗುವುದು ಆಗ. ‘ಪರ್ಮಿಟ್ ಇದೆಯಾ?’ ಇಲ್ಲ. ವೀಸಾ ಇದೆ, ಪಾಸ್‌ಪೋರ್ಟಿದೆ, ಕಿಸೆಯಲ್ಲಿ ದುಡ್ಡೂ ಇದೆ. ಯಾವುದೂ ಪರ್ಮಿಟ್ಟಿಗೆ ಸಮವಲ್ಲ. ಅದನ್ನು ಠಾಣೆಯಲ್ಲಿ ಕೊಡುವುದಿಲ್ಲ, ಡಿ.ಸಿ. ಆಫೀಸಿನಲ್ಲೂ ಕೊಡುವುದಿಲ್ಲ. ಅರ್ಜಿ ದಿಲ್ಲಿಗೆ ಹೋಗಬೇಕು. ಲಜಪತ್ ನಗರದಲ್ಲಿರುವ ದಲೈ ಲಾಮಾರ ಕಚೇರಿಯ ಮೂಲಕ ಹೋಗುವುದು ರೂಢಿ. ಪಾಸ್‌ಪೋರ್ಟ್ ನಕಲು, ವೀಸಾ ನಕಲು, ಯಾವ ಕ್ಯಾಂಪು, ಎಷ್ಟು ದಿನ, ಏನು ಕೆಲಸ, ಎಲ್ಲ ಬರೆಯಬೇಕು. ಉತ್ತರ ಬರುವುದಕ್ಕೆ ತಿಂಗಳುಗಳು. ಬಂದ ಪರ್ಮಿಟ್ಟಿನಲ್ಲಿ ಬರೆದ ಜಾಗ ಬಿಟ್ಟು ಬೇರೆ ಕಡೆ, ಬರೆದ ದಿನ ಬಿಟ್ಟು ಬೇರೆ ದಿನ ನಡೆಯುವುದಿಲ್ಲ.

ಸರಿ, ಹೊರಡಲೇಬೇಕು. ಕೊಳ್ಳೇಗಾಲದ ಲಾಡ್ಜೋ, ಬೆಟ್ಟದ ವಸತಿಯೋ. ಎಲ್ಲಿ ಇಳಿದರೂ ಇಳಿಸಿಕೊಂಡವರು 24 ಗಂಟೆಯೊಳಗೆ ಸರ್ಕಾರಕ್ಕೆ ವರದಿ ಕೊಡಬೇಕು. ಹೊರಡುವ ಹೊತ್ತಿಗೆ ಮಬ್ಬು, ದಾರಿಯಲ್ಲಿ ಆನೆ. ಆದರೂ ಈ ಕುಟುಂಬಕ್ಕೆ ಹೆಚ್ಚು ನಷ್ಟವಿಲ್ಲ. ಒಂದು ರಾತ್ರಿಯ ಆಸೆ ಹೋಯಿತು, ಅಷ್ಟೆ. ನಾಳೆ ಮೈಸೂರು, ನಾಡಿದ್ದು ವಿಮಾನ.

ಎರಡನೇ ಕಾರು

ಕೇಳಬೇಕಾದ ಕಥೆ ಎರಡನೇ ಕಾರಿನದು. ಇದರಲ್ಲೂ ಗಂಡ, ಹೆಂಡತಿ, ಎರಡು ಮಕ್ಕಳು ಅಂತಲೇ ಇಟ್ಟುಕೊಳ್ಳಿ. ಇವರದ್ದೂ ಬೇರೆ ದೇಶದ ಪಾಸ್‌ಪೋರ್ಟು. ಆದರೆ ಗಂಡಸು ಹುಟ್ಟಿದ್ದು ಒಡೆಯರಪಾಳ್ಯದಲ್ಲಿ. ಹನೂರಿನ ಸಂತೆಯಲ್ಲಿ ತಾಯಿಯ ಸೆರಗು ಹಿಡಿದು ತಿರುಗಿದವನು. ‘ಏನ್ ಬುದ್ದಿ, ಚೆನ್ನಾಗಿದ್ದೀರಾ?’ ಅಂತ ನಮ್ಮ ಧಾಟಿಯಲ್ಲೇ ಮಾತಾಡಿಸುವವನು. ಓದಿ, ಕೆಲಸ ಹುಡುಕಿ, ಕೆನಡಾಗೋ ಅಮೆರಿಕಕ್ಕೋ ಹೋಗಿ ಅಲ್ಲಿನ ಪ್ರಜೆಯಾದ. ಈ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಹೀಗೆ ಹೋದ ಹುಡುಗ ಹುಡುಗಿಯರಿಗೆ ಲೆಕ್ಕವಿಲ್ಲ. ಕ್ಯಾಂಪುಗಳಲ್ಲಿ ಉಳಿದವರಲ್ಲಿ ವಯಸ್ಸಾದವರದೇ ಪಾಲು ಹೆಚ್ಚುತ್ತಿದೆ.

ಅವನ ತಾಯಿ ಇನ್ನೂ ಅದೇ ಮನೆಯಲ್ಲಿದ್ದಾಳೆ. ಮೊಮ್ಮಕ್ಕಳನ್ನು ಫೋನಿನಲ್ಲಿ ನೋಡಿದ್ದಾಳೆ, ಮುಟ್ಟಿ ನೋಡಿಲ್ಲ. ಮಗ ಈಗ ಮಕ್ಕಳನ್ನು ಕರೆದುಕೊಂಡು ಬಂದಿದ್ದಾನೆ. ಗುಡಿಗೆ ಹೋದರು, ದೀಪ ಹಚ್ಚಿದರು, ಲಾಮಾಗೆ ಬಿಳಿ ಶಾಲು ಒಪ್ಪಿಸಿದರು. ಅಜ್ಜಿ ಚಕ್ರ ತಿರುಗಿಸುವುದನ್ನು ಮೊಮ್ಮಕ್ಕಳಿಗೆ ಹೇಳಿಕೊಟ್ಟಳು. ಬೆಣ್ಣೆ ಹಾಕಿದ ಉಪ್ಪು ಚಹಾ ಕುಡಿಸಿದಳು. ಮಕ್ಕಳು ಮುಖ ಕಿವಿಚಿದವು, ಅಜ್ಜಿ ನಕ್ಕಳು.

ಹೊತ್ತು ಇಳಿಯಿತು. ಪ್ರಶ್ನೆ ಅದೇ: ‘ಪರ್ಮಿಟ್ ಇದೆಯಾ?’

ಕಾನೂನಿಗೆ ಒಂದನೇ ಕಾರೂ ಒಂದೇ, ಎರಡನೇ ಕಾರೂ ಒಂದೇ. ಅದು ನೋಡುವುದು ಪಾಸ್‌ಪೋರ್ಟಿನ ಬಣ್ಣ, ಹೆತ್ತ ಹೊಟ್ಟೆಯನ್ನಲ್ಲ. ಪರ್ಮಿಟ್ ಸಿಕ್ಕದೆ ಬಂದಿದ್ದರೆ ಮಗ ಸೊಸೆ ಮಕ್ಕಳು ಕೊಳ್ಳೇಗಾಲದ ಲಾಡ್ಜಿನಲ್ಲಿ, ತಾಯಿ ಒಡೆಯರಪಾಳ್ಯದ ಮನೆಯಲ್ಲಿ. ಬೆಳಿಗ್ಗೆ ಮತ್ತೆ ಬರಬೇಕು, ಸಂಜೆ ಮತ್ತೆ ಹೋಗಬೇಕು. ಹೊರಗಿನಿಂದ ನೋಡಿದವರಿಗೆ ಇದು ಬುದ್ಧನ ಗುಡಿಗೆ ದಿನಾ ಬಂದು ಹೋಗುವ ಪ್ರವಾಸ. ಒಳಗಿನವರಿಗೆ ಅದು ತಾಯಿ ಮಗ ಕೂತು ಮಾತಾಡಲು ಸಿಗುವ ಹಗಲಿನ ನಾಲ್ಕಾರು ಗಂಟೆ.

ಪರದೇಶಿ ಅನ್ನುವ ಮಾತಿಗೆ ನಮ್ಮಲ್ಲಿ ಎರಡರ್ಥ. ಬೇರೆ ದೇಶದವನು ಒಂದು, ದಿಕ್ಕಿಲ್ಲದವನು ಇನ್ನೊಂದು. ಎರಡೂ ಒಬ್ಬನಿಗೇ ಹೊಂದುವುದನ್ನು ನೋಡಬೇಕಾದರೆ ಸಂಜೆ ಹೊತ್ತು ಕ್ಯಾಂಪಿನ ಗೇಟಿನ ಹತ್ತಿರ ನಿಲ್ಲಬೇಕು.

ಕಾನೂನಿನ ಲೆಕ್ಕ

ಇದರಲ್ಲಿ ಇನ್ನೊಂದು ಸಿಕ್ಕಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎನ್ನುತ್ತದೆ ಪೌರತ್ವ ಕಾಯ್ದೆ. ಇದು ಟಿಬೆಟಿನವರ ಮಕ್ಕಳಿಗೂ ಸಲ್ಲುತ್ತದೆ ಎಂದು 2010ರಲ್ಲಿ ದಿಲ್ಲಿ ಹೈಕೋರ್ಟು ಹೇಳಿತು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಹೇಳಿತು. 2014ರ ಲೋಕಸಭಾ ಚುನಾವಣೆಯಲ್ಲಿ ಕೆಲವರು ಓಟು ಹಾಕಿದ್ದೂ ಉಂಟು. ಅಂದರೆ ಒಡೆಯರಪಾಳ್ಯದಲ್ಲಿ 1980ರಲ್ಲಿ ಹುಟ್ಟಿದವನು ಕಾನೂನಿನ ಕಣ್ಣಲ್ಲಿ ಕೊಳ್ಳೇಗಾಲದ ಶೆಟ್ಟರ ಮಗನಷ್ಟೇ ಭಾರತೀಯ!

ಆದರೆ ಆ ತೀರ್ಪುಗಳು ಬರುವ ಹೊತ್ತಿಗೆ ಎಷ್ಟೋ ಜನ ಹೊರಟಾಗಿತ್ತು. ಇಲ್ಲಿ ಅವರ ಕೈಯಲ್ಲಿದ್ದದ್ದು ಆಗಾಗ ರಿನ್ಯೂ ಮಾಡಿಸಬೇಕಾದ ನೋಂದಣಿ ಪುಸ್ತಕ, ಜನ ಅನ್ನುವ ‘ಆರ್.ಸಿ.’. ಸರ್ಕಾರಿ ನೌಕರಿ ಇಲ್ಲ, ಜಮೀನು ಸ್ವಂತದ್ದಲ್ಲ. ಬೇರೆ ದೇಶ ಪೌರತ್ವ ಕೊಡುತ್ತೇನೆ ಅಂದಾಗ ಯಾರು ಬೇಡ ಅಂದಾರು? ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ. ಹೀಗೆ ಹುಟ್ಟಿದ ಊರಿಗೇ ಅವನು ಪರಕೀಯನಾಗುತ್ತಾನೆ.

ಸರ್ಕಾರದ ಮಾತೂ ಇದೆ

ಪೊಲೀಸರನ್ನು ಬೈದು ಪ್ರಯೋಜನವಿಲ್ಲ. ಅವರು ಮಾಡಿದ ಕಾನೂನಲ್ಲ ಇದು. ನೆರೆ ದೇಶದ ಜೊತೆ ಸಂಬಂಧ ಸೂಕ್ಷ್ಮ. ನಿರಾಶ್ರಿತರ ನಡುವೆ ಯಾವ ವೇಷದಲ್ಲಿ ಯಾರು ಬಂದು ಸೇರುತ್ತಾರೋ ಹೇಳಲಾಗದು. ಆಶ್ರಯ ಕೊಟ್ಟ ಮೇಲೆ ಕಾಯುವುದೂ ಸರ್ಕಾರದ ಹೊಣೆಯೇ. ಪರ್ಮಿಟ್ ಇರುವುದು ಟಿಬೆಟಿನವರ ರಕ್ಷಣೆಗೂ ಹೌದು ಅನ್ನುವ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕಾಡಿನ ದಾರಿಯಲ್ಲಿ ಪರದೇಶದ ಮಗುವಿಗೆ ಏನಾದರೂ ಆದರೆ ಮೊದಲು ಕೈ ಕಟ್ಟಿ ನಿಲ್ಲಬೇಕಾದವನು ಸ್ಥಳೀಯ ಠಾಣೆಯ ದಫೇದಾರನೇ.

ಹಾಗಾದರೆ ಕಾವಲು ಬೇಡವೇ? ಬೇಕು. ಆದರೆ ಕಾವಲುಗಾರನಿಗೆ ಮನೆಯವರು ಯಾರು, ಹೊರಗಿನವರು ಯಾರು ಎಂದು ಗೊತ್ತಿರಬೇಡವೇ? ತಾಯಿಯ ಹೆಸರು ಕ್ಯಾಂಪಿನ ಆಫೀಸಿನ ಪುಸ್ತಕದಲ್ಲಿದೆ. ಮಗ ಹುಟ್ಟಿದ ದಾಖಲೆಯೂ ಅಲ್ಲೇ ಸಿಗಬೇಕು. ಇಷ್ಟನ್ನು ತಾಳೆ ನೋಡಲು ಕಡತ ದಿಲ್ಲಿಗೆ ಹೋಗಿ ತಿಂಗಳುಗಟ್ಟಲೆ ಕೂರಬೇಕೇ? ಅಷ್ಟರಲ್ಲಿ ಮಗನ ರಜೆ ಮುಗಿದಿರುತ್ತದೆ. ಕೆಲವೊಮ್ಮೆ ತಾಯಿಯ ಆಯಸ್ಸೂ. ತಾಯಿ ಹಾಸಿಗೆ ಹಿಡಿದಳು ಅಂತ ಸುದ್ದಿ ಬಂದರೆ ಮಗ ಟಿಕೆಟ್ ತೆಗೆಯಬೇಕೋ, ಪರ್ಮಿಟ್ಟಿಗೆ ಅರ್ಜಿ ಹಾಕಿ ಕಾಯಬೇಕೋ?

ಆಗಬೇಕಾದದ್ದು

ದೊಡ್ಡ ಬೇಡಿಕೆಗಳೇನೂ ಬೇಕಿಲ್ಲ. ಮೊದಲನೆಯದು, ಪಾಲಾರ್, ಹನೂರು, ಕೊಳ್ಳೇಗಾಲದಲ್ಲಿ ಎದ್ದು ಕಾಣುವ ಬೋರ್ಡು. ಕನ್ನಡ, ತಮಿಳು, ಇಂಗ್ಲಿಷಿನಲ್ಲಿ ನಾಲ್ಕು ಸಾಲು: ಹಗಲು ಎಷ್ಟು ಹೊತ್ತಿನ ತನಕ ಇರಬಹುದು, ರಾತ್ರಿಗೆ ಏನು ಬೇಕು, ಅರ್ಜಿ ಎಲ್ಲಿಗೆ. ಬಾಯಿಮಾತಿನ ರೂಢಿ ಬರಹಕ್ಕೆ ಬಂದರೆ ಪ್ರವಾಸಿಗೂ ನೆಮ್ಮದಿ, ಪೊಲೀಸರಿಗೂ ನೆಮ್ಮದಿ. ಹೊತ್ತು ಮುಳುಗಿದ ಮೇಲೆ ಆನೆ ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡುವುದಾದರೂ ತಪ್ಪುತ್ತದೆ.

ಎರಡನೆಯದು, ತಂದೆ ತಾಯಿ, ಅಜ್ಜ ಅಜ್ಜಿ ಕ್ಯಾಂಪಿನಲ್ಲೇ ಇರುವವರಿಗೆ ಕೆಲವು ದಿನದ ಅಪ್ಪಣೆಯನ್ನು ಚಾಮರಾಜನಗರದಲ್ಲೇ ಕೊಡುವ ಅಧಿಕಾರ. ಜಿಲ್ಲೆ ಬೇರೆಯಾದದ್ದು 1997ರಲ್ಲಿ, ಜನ ಮೈಸೂರಿಗೆ ಅಲೆಯುವುದು ತಪ್ಪಲಿ ಎಂದು. ಮೈಸೂರಿನ ಅಲೆದಾಟ ತಪ್ಪಿಸಿದ ಸರ್ಕಾರ ದಿಲ್ಲಿಯ ಅಲೆದಾಟವನ್ನೂ ತಪ್ಪಿಸಲಿ. ಪಾಸ್‌ಪೋರ್ಟನ್ನು ಠಾಣೆಯಲ್ಲಿ ತೋರಿಸಲಿ, ದಿನಾ ಸಹಿ ಹಾಕಲಿ, ಬೇಕಾದರೆ ಕ್ಯಾಂಪಿನ ಹಿರಿಯರು ಜಾಮೀನು ನಿಲ್ಲಲಿ. ಮೂರನೆಯದು, ಸಾವು ಮತ್ತು ಕಾಯಿಲೆಗೆ ತಕ್ಷಣದ ಅಪ್ಪಣೆ. ಇದಕ್ಕೆ ಕಾರಣ ಬರೆಯುವ ಅಗತ್ಯವೇ ಇಲ್ಲ.

ಐವತ್ತು ವರ್ಷದ ಹಿಂದೆ, ಕುಡಿಯಲು ನೀರು, ಓಡಾಡಲು ಒಳ್ಳೆ ರಸ್ತೆ ತಮಗೇ ಸಾಲದಿದ್ದ ಕಾಲದಲ್ಲಿ ಈ ಸೀಮೆಯ ಜನ ಹೊರಗಿನಿಂದ ಬಂದವರಿಗೆ ಜಾಗ ಮಾಡಿಕೊಟ್ಟರು. ಅಷ್ಟು ದೊಡ್ಡದನ್ನು ಕೊಟ್ಟ ಮೇಲೆ ಮಗನಿಗೆ ತಾಯಿಯ ಮನೆಯಲ್ಲಿ ಒಂದು ಚಾಪೆಯ ಜಾಗ ಕೊಡುವುದಕ್ಕೆ ಇಷ್ಟು ಲೆಕ್ಕಾಚಾರ ಏಕೆ ಅನ್ನುವುದು ಕೇಳಬೇಕಾದ ಪ್ರಶ್ನೆ. ಕೇಳಬೇಕಾದವರು ನಮ್ಮ ಶಾಸಕರು, ಲೋಕಸಭಾ ಸದಸ್ಯರು. ಓಟಿನ ಲೆಕ್ಕದಲ್ಲಿ ಒಡೆಯರಪಾಳ್ಯದ ಕ್ಯಾಂಪು ದೊಡ್ಡದೇನಲ್ಲ, ನಿಜ. ಆದರೂ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?